ಒಬ್ಬಳ ಪಾಲಿನ ಭಾರ

ಒಲೆಯ ಮೇಲೆ ನೀರಿಟ್ಟು ಸೊಸೆ ಮಾವನ ಕೋಣೆಗೆ ಬಂದಳು. ಲಕ್ವ ಹೊಡೆದು ಬಲಭಾಗ ಸತ್ತಂತಾಗಿದ್ದ ಮುದುಕ ಎಡಗೈಯನ್ನು ಅವಳ ಕುತ್ತಿಗೆಗೆ ಹಾಕಿದ. ಧಾನ್ಯದ ಮಾರುಕಟ್ಟೆಯಲ್ಲಿ ಮೂಟೆ ಹೊತ್ತು ಕಟ್ಟಿದ ಮೈ. ಹಾಸಿಗೆ ಹಿಡಿದ ಮೇಲೂ ಕರಗಿರಲಿಲ್ಲ. ಅವಳು ಉಸಿರು ಬಿಗಿಹಿಡಿದು ಅವನನ್ನು ಮಂಚದಿಂದ ಎಬ್ಬಿಸಿ, ಅರ್ಧ ಹೊತ್ತು ಅರ್ಧ ಎಳೆದು ಬಚ್ಚಲಿಗೆ ಕರೆದೊಯ್ದಳು. ಪಕ್ಕದ ಕೋಣೆಯಲ್ಲಿ ಗಂಡ ಮಗ್ಗುಲು ಬದಲಿಸಿದ ಸದ್ದು ಕೇಳಿಸಿತು.

ಸೊಂಟದ ನೋವು ಕಾಲಿಗಿಳಿದಾಗ ಅವಳು ಆಸ್ಪತ್ರೆಗೆ ಹೋಗಿದ್ದಳು. ಅಲ್ಲಿ ವ್ಯಾಯಾಮ ಹೇಳಿಕೊಡುವ ಹೆಂಗಸು ಬಗ್ಗಿಸಿ, ನಿಲ್ಲಿಸಿ ನೋಡಿ, ಇಷ್ಟು ಭಾರ ಎತ್ತುವವಳ ಮೈಯಲ್ಲಿ ಎತ್ತುವ ಬಲವೇ ಇಲ್ಲ, ಹೀಗೇ ಆದರೆ ಒಂದು ದಿನ ನೀನೂ ಮಲಗುತ್ತೀಯ ಎಂದಳು. ಮನೆಯಲ್ಲಿ ಡಂಬೆಲ್ ಇದೆಯೇ ಎಂದು ಕೇಳಿದಳು. ಇತ್ತು. ಡಿಪೋದಲ್ಲಿ ಗುಮಾಸ್ತನಾಗಿದ್ದ ಗಂಡ ಯಾವುದೋ ಹುಮ್ಮಸ್ಸಿನಲ್ಲಿ ತಂದು, ವಾರ ಕಳೆಯುವುದರೊಳಗೆ ಮಂಚದಡಿಗೆ ತಳ್ಳಿದ್ದ.

ಹೊಲಿಗೆ ಯಂತ್ರದ ಮುಂದೆ ಕೂತೇ ಅವಳು ಯೋಜನೆ ಹಾಕಿದಳು. ಡಂಬೆಲ್ಲಿಗೆ ಸಿಕ್ಕಿಸುವ ತೂಕದ ಬಿಲ್ಲೆಗಳಲ್ಲಿ ಹಗುರವಾದವುಗಳಿಂದಲೇ ಶುರು. ಒಂದು ಡಂಬೆಲ್ಲನ್ನು ಎದೆಗವಚಿಕೊಂಡು ಕುರ್ಚಿಗೆ ಕೂತು ಏಳುವುದು ಕಾಲಿಗೆ. ಕುರ್ಚಿಗೆ ಒಂದು ಕೈ ಊರಿ ಇನ್ನೊಂದರಿಂದ ಸೊಂಟದವರೆಗೆ ಎಳೆಯುವುದು ಬೆನ್ನಿಗೆ. ನೆಲದ ಮೇಲೆ ಮಲಗಿ ಮೇಲಕ್ಕೆ ತಳ್ಳುವುದು ಎದೆಗೆ, ನಿಂತು ತಲೆಯ ಮೇಲಕ್ಕೆ ಎತ್ತುವುದು ಹೆಗಲಿಗೆ. ಬೆನ್ನು ಬಾಗಿಸದೆ ನೆಲದಿಂದ ಎತ್ತುವುದನ್ನು ನೋವು ತಗ್ಗಿದ ಮೇಲೆ ಸೇರಿಸಿಕೊಳ್ಳಬೇಕು. ಒಂದು ದಿನ ಮಾಡಿದರೆ ಮರುದಿನ ಬಿಡುವು. ಎಲ್ಲ ಹೊಂದಿಕೊಂಡಿತು, ಹೊತ್ತು ಮಾತ್ರ ಹೊಂದಲಿಲ್ಲ. ಕೊನೆಗೆ ಗಂಡ ಪೇಪರು ಓದುವ ಅರ್ಧ ಗಂಟೆಯನ್ನೇ ಅವಳು ಆರಿಸಿಕೊಂಡಳು. ಅಷ್ಟು ಹೊತ್ತು ಅಪ್ಪನನ್ನು ಅವನು ನೋಡಿಕೊಂಡರಾಯಿತು.

ಎರಡನೆಯ ವಾರಕ್ಕೇ ಗಂಡನ ಮುಖ ದಪ್ಪಗಾಯಿತು.

"ದಿನವಿಡೀ ಮನೆಕೆಲಸ ಮಾಡ್ತೀಯಲ್ಲ, ಅದಕ್ಕಿಂತ ಇನ್ನೇನು ವ್ಯಾಯಾಮ ನಿನಗೆ?"

"ಮನೆಕೆಲಸ ಮೈ ಸವೆಸುತ್ತೆ ರೀ, ಗಟ್ಟಿ ಮಾಡಲ್ಲ. ಇಲ್ಲಾಂದ್ರೆ ಮಾವನ್ನ ನೀವು ಎತ್ತಿ."

ಅವನು ಪೇಪರು ಮಡಚಿಟ್ಟ. ತನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಊರೆಲ್ಲ ತಿರುಗಿದ ಅಪ್ಪನನ್ನು ಈ ಸ್ಥಿತಿಯಲ್ಲಿ ಮುಟ್ಟಲು ತನ್ನಿಂದಾಗದು ಎಂದ. ಅದು ಸುಳ್ಳಾಗಿರಲಿಲ್ಲ. ಆಮೇಲೆ ದನಿ ಏರಿಸಿದ. "ಎದುರುಮನೆಯವನು ಏನು ಕೇಳಿದ ಗೊತ್ತಾ? ಇನ್ಮೇಲೆ ನಿಮ್ಮನೇಲಿ ಒದೆ ತಿನ್ನೋರು ಯಾರು ಅಂತ."

ಒಳಗಿನಿಂದ ಮುದುಕ ಸೊಟ್ಟ ಬಾಯಲ್ಲೇ ನಕ್ಕ. "ಪೈಲ್ವಾನ್ ಸೊಸೆ ಸಿಕ್ಕಿದ್ಲಲ್ಲೋ ನಮಗೆ."

ಅವಳು ಮಾತು ಬೆಳೆಸಲಿಲ್ಲ. ಮುಂದಿನ ಸರದಿಯ ದಿನ ಮಂಚದಡಿ ಕೈ ಹಾಕಿದರೆ ಬರೀ ಧೂಳು. ಡಿಪೋದ ಗೆಳೆಯನಿಗೆ ಕೊಟ್ಟುಬಿಟ್ಟೆ, ಅವನಿಗಾದರೂ ಉಪಯೋಗಕ್ಕೆ ಬರಲಿ ಎಂದು ಗಂಡ ಪೇಪರಿನ ಹಿಂದಿನಿಂದಲೇ ಹೇಳಿದ.

ಅದಾದ ಸ್ವಲ್ಪ ದಿನಕ್ಕೆ ಒಂದು ಬೆಳಿಗ್ಗೆ, ಮುದುಕ ಇನ್ನೂ ಅರ್ಧ ಎದ್ದಿದ್ದಾಗಲೇ, ಅವಳ ಸೊಂಟ ಹಿಡಿದುಕೊಂಡಿತು. ಕೈ ಬಿಟ್ಟರೆ ಅವನು ನೆಲಕ್ಕೆ. ಅವಳು ಬಿಡಲಿಲ್ಲ. ಹಲ್ಲು ಕಚ್ಚಿ ಅವನನ್ನು ಹಾಗೇ ಅವಚಿಕೊಂಡು ನಿಂತಳು. ಅವಳ ಮೈಯ ನಡುಕ ಮುದುಕನ ಎದೆಗೆ ತಾಗುತ್ತಿತ್ತು. ಮೂಟೆಯ ಕೆಳಗೆ ಕಾಲು ಕುಸಿಯುವ ಮುಂಚಿನ ಆ ನಡುಕ ಅವನಿಗೆ ಹೊಸದಲ್ಲ. ಮೆಲ್ಲಗೆ ಕೂರಿಸಿದ ಮೇಲೆ ಅವನು ಕೈಯನ್ನು ಅವಳ ಕುತ್ತಿಗೆಯಿಂದ ತೆಗೆದ.

"ನೀನು ಬೇಡಮ್ಮ. ಅವನನ್ನ ಕರಿ."

ಅವಳು ಕರೆದಳು. ಗಂಡ ಬಂದೆ ಎಂದ, ಬರಲಿಲ್ಲ. ಅವಳು ಕುರ್ಚಿಯ ಆಸರೆಯಲ್ಲಿ ಮತ್ತೆ ಹತ್ತಿರ ಬಂದಾಗ ಮುದುಕ ಕೈಯನ್ನು ಮಂಚದ ಪಟ್ಟಿಗೆ ಬಿಗಿಯಾಗಿ ಸುತ್ತಿಕೊಂಡ. ಬಿಡಿಸಲು ಅವಳಲ್ಲಿ ಕಸುವಿರಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಹಾಸಿಗೆ ಒದ್ದೆಯಾಯಿತು. ಒಂದು ಕಾಲಕ್ಕೆ ಮಾರುಕಟ್ಟೆಯಲ್ಲಿ ಯಾರ ಮುಂದೆಯೂ ತಲೆ ತಗ್ಗಿಸದ ಮುದುಕ ಗೋಡೆಯ ಕಡೆ ನೋಡುತ್ತ ಕೂತ.

ಗಂಡ ಬಂದವನು ಬಾಗಿಲಲ್ಲೇ ಮೂಗು ಮುಚ್ಚಿಕೊಂಡ. ಆಮೇಲೆ ಬಗ್ಗಿ ಎತ್ತಲು ನೋಡಿದ. ಅಪ್ಪ ಮಗ ಇಬ್ಬರೂ ಒದ್ದೆ ಹಾಸಿಗೆಗೆ ಕುಸಿದರು.

"ಒಂಚೂರು ಹಿಡ್ಕೋ," ಎಂದು ಅವನು ಹೆಂಡತಿಯತ್ತ ತಿರುಗಿದ.

"ಅವಳ ಸೊಂಟ ಹೋಗಿದೆ ಕಣೋ," ಎಂದ ಮುದುಕ. "ನಾವಿಬ್ಬರೇ ಮುರಿದಿದ್ದು. ನೀನು ಎತ್ತು."

ಅವನು ಎತ್ತಿದ. ಎರಡು ಕಡೆ ಗೋಡೆಗೆ ತಾಗಿಸಿಕೊಂಡು, ಏದುಸಿರು ಬಿಡುತ್ತ, ಹೇಗೋ ಬಚ್ಚಲು ಮುಟ್ಟಿಸಿದ. ಅವಳು ನೆಟ್ಟಗಾಗಲಾರದೆ ಕುರ್ಚಿಯ ಅಂಚಿಗೆ ಒರಗಿದ್ದಳು. ನೀರು ಸುರಿಯುವ ಸದ್ದು ಬಹಳ ಹೊತ್ತು ಕೇಳಿಸಿತು. ಅದು ನಿಂತ ಮೇಲೆ ಗಂಡನ ದನಿ, ಎಂದಿಗಿಂತ ಸಣ್ಣದಾಗಿ, ಹೊರಗೆ ಬಂತು.

"ಅಪ್ಪನ ಒಣಬಟ್ಟೆ ಎಲ್ಲಿಡ್ತೀಯ?"

ಅವಳು ಬಾಯಿ ತೆರೆಯುವಷ್ಟರಲ್ಲಿ ಮುದುಕನೇ ಹೇಳಿದ.

"ಹುಡುಕೋ. ಇದೇ ಮನೇಲಿದೆ."