ಹುಣಸಿಮರದ ತನಕ

"ಏ ಕತ್ತಿ ಮಗನ! ಮೈಗೆ ಮೈ ಹಚ್ಚಿ ನಿಂತೀಯಲ್ಲೋ, ನಿಮ್ಮಪ್ಪ ಕೊಡಿಸ್ಯಾನೇನು ಲಾಂಚು? ದೂರ ನಿಂತು ತಿಕ್ಕು!"

ದೂರ ನಿಂತು ತಿಕ್ಕುವುದು ಹೇಗೆಂದು ಓವರ್‌ಸಿಯರ್ ತ್ರ್ಯಂಬಕರಾಯರು ಹೇಳಲಿಲ್ಲ. ನಾನು ಕೈಯನ್ನು ಲಾಂಚಿನ ಮೇಲಿಟ್ಟು ಎದೆಯನ್ನಷ್ಟೇ ಒಂದು ಗೇಣು ಹಿಂದಕ್ಕೆಳೆದುಕೊಂಡೆ. ಸಾಹೇಬರಿಗೆ ಸಮಾಧಾನವಾಯಿತು. ಛತ್ರಿ ಬಿಡಿಸಿಕೊಂಡು ಬೇವಿನ ಮರದ ನೆರಳಿಗೆ ಹೋದರು. ನೆರಳಿನಲ್ಲೂ ಛತ್ರಿ ಮಡಚಲಿಲ್ಲ.

ಆಣೆಕಟ್ಟು ಕಟ್ಟಿ ಮುಗಿದ ವರ್ಷ ಈ ಲಾಂಚು, ಎಂಜಿನ್ನಿನ ದೋಣಿ, ಮುಂಬೈಯಿಂದ ಲಾರಿಯ ಮೇಲೆ ಬಂದಿತ್ತು. ನಮ್ಮ ಕೇರಿಯ ಎರಡು ಮನೆ ಸೇರಿಸಿದರೂ ಅದರ ಉದ್ದಕ್ಕೆ ಸಾಲದು. ನೀಲಿ ಮೈ, ಮೇಲೊಂದು ಬಿಳಿ ಪಟ್ಟಿ. ದೊಡ್ಡ ಸಾಹೇಬರು ಅದರ ಮೇಲೆ ನಿಂತು ಒಂದು ಫೋಟೋ ತೆಗೆಸಿಕೊಂಡರು. ಅಲ್ಲಿಗೆ ಅದರ ಕೆಲಸ ಮುಗಿಯಿತು. ಆಮೇಲೆ ದಂಡೆಯಲ್ಲಿ ದಿಮ್ಮಿಗಳ ಮೇಲೆ ವರ್ಷಗಟ್ಟಲೆ ಬಿದ್ದುಕೊಂಡಿತ್ತು. ಸವದತ್ತಿಯ ಬಿಸಿಲು ಯಾರ ಬಣ್ಣ ಉಳಿಸಿದೆ? ನೀಲಿ ಹೋಗಿ ಬೂದಿ ಬಂತು. ಕೈಯಾಡಿಸಿದರೆ ವಿಭೂತಿಯಂಥ ಬಿಳಿ ಹಿಟ್ಟು ಅಂಟುತ್ತಿತ್ತು.

ಎಮರ್ಜೆನ್ಸಿ ಮುಗಿದ ಮರುವರ್ಷ, ಮಂತ್ರಿ ಬರುತ್ತಾನೆ, ಲಾಂಚಿನಲ್ಲಿ ಕುಳಿತು ನೀರು ನೋಡುತ್ತಾನೆ ಎಂದು ಸುದ್ದಿ ಬಂತು. ತ್ರ್ಯಂಬಕರಾಯರು ಬೂದಿಯಾದ ಲಾಂಚನ್ನು ಮೂರು ಸುತ್ತು ಹಾಕಿದರು. ಯಾರನ್ನೂ ಕೇಳದೆ ತಮ್ಮ ಬುದ್ಧಿಯಿಂದಲೇ ಒಂದು ಉಪಾಯ ತೆಗೆದರು. ಗಾಣದಿಂದ ಶೇಂಗಾ ಎಣ್ಣೆ ತರಿಸಿ ಲಾಂಚಿಗೆಲ್ಲ ಹಚ್ಚಿಸಿದರು. ಲಾಂಚು ಮದುಮಗನಂತೆ ಮಿಂಚಿತು. ಸಂಜೆಗೆ ಗಾಳಿ ಎದ್ದು ಮಡ್ಡಿ ಹೊಲದ ಕೆಮ್ಮಣ್ಣೆಲ್ಲ ಬಂದು ಅಂಟಿತು. ಮರುದಿನ ಇರುವೆ ಮುತ್ತಿದವು. ಸವದತ್ತಿಯ ನಾಯಿಗಳೆಲ್ಲ ಬಂದು ನೆಕ್ಕಿ ಹೋದವು. ಕಲಿತವರ ಬುದ್ಧಿ!

ಕೊನೆಗೆ ಹುಬ್ಬಳ್ಳಿಯಿಂದ ಒಬ್ಬ ಪೇಂಟರ್ ಬಂದು ನೋಡಿದ. ಮೇಲಿನ ಸತ್ತ ಬಣ್ಣದ ಪದರನ್ನು ನೀರು ಹಾಕಿ ಪಾಲಿಷ್ ಕಾಗದದಿಂದ ತಿಕ್ಕಿ ತೆಗೆಯಬೇಕು, ಆಮೇಲೆ ಕಂಪೌಂಡ್ ಎಂಬ ಹೊಳಪಿನ ಮುಲಾಮು ಹಚ್ಚಿ ಉಜ್ಜಬೇಕು, ಕಟ್ಟಕಡೆಗೆ ಮೇಣ ಎಂದ. ಬಿಸಿಲಿಗೆ ಒಂದು ನಮಸ್ಕಾರ ಹಾಕಿ, ಡಬ್ಬಿಗಳನ್ನು ಮಾರಿ, ಬಸ್ಸು ಹತ್ತಿದ. ಉಳಿದದ್ದು ಕೈಕೆಲಸ. ಕೈಕೆಲಸ ಎಂದರೆ ನಾವು.

ನಾವೆಂದರೆ ನೀರಿನಡಿ ಹೋದ ನೆಗ್ಗಿನಕೊಪ್ಪದ ಹೊಲಗೇರಿಯವರು. ಊರು ಮುಳುಗುವಾಗ ಮಠದ ಗದ್ದುಗೆಯ ಕಲ್ಲುಗಳನ್ನು ಬ್ಯಾಂಡು ಬಾರಿಸುತ್ತ ಲಾರಿಯಲ್ಲಿ ಹೊಸ ಊರಿಗೆ ಸಾಗಿಸಿದರು. ಹನುಮಪ್ಪನೂ ಲಾರಿ ಹತ್ತಿದ. ನಮ್ಮ ಸತ್ತವರನ್ನು ಯಾರೂ ಕೇಳಲಿಲ್ಲ. ಅವರು ಹುಣಸೆಮರದ ಬುಡದಲ್ಲೇ ಉಳಿದರು. ಈಗ ನಡುನೀರಿನಲ್ಲಿ ಆ ಮರದ ಒಣ ತುದಿಯಷ್ಟೇ ಕಾಣುತ್ತದೆ. ಅದರ ಬುಡದಲ್ಲಿ ನನ್ನ ದೊಡ್ಡಪ್ಪ ಭರಮಪ್ಪ ಮಲಗಿದ್ದಾನೆ.

ಅವನ ಹೆಂಡತಿ ಮರೆವ್ವ, ನನ್ನ ದೊಡ್ಡವ್ವ, ಪ್ರತಿ ಮಹಾನವಮಿ ಅಮಾವಾಸ್ಯೆಗೆ, ಹಿರಿಯರ ಹಬ್ಬದ ದಿನ, ಎಡೆ ಕಟ್ಟಿಕೊಂಡು ದಂಡೆಗೆ ಬರುತ್ತಾಳೆ. ಹಿರಿಯರಿಗೆ ಎಡೆಯನ್ನು ಗೋರಿಯ ಮೇಲಿಡಬೇಕು. ದಂಡೆಯಲ್ಲಿ ಇಟ್ಟರೆ ಕಾಗೆ ತಿನ್ನುತ್ತದೆ, ಗಂಡನಿಗೆ ಮುಟ್ಟುವುದಿಲ್ಲ. ಹರಿಗೋಲಿನವರು ಅಷ್ಟು ದೂರ ಹೋಗುವಂತಿಲ್ಲ. ಎರಡು ಹರಿಗೋಲು ಗಾಳಿಗೆ ಮಗುಚಿದ ಮೇಲೆ ಇಲಾಖೆ ಬಂದ್ ಮಾಡಿಸಿತ್ತು. ಹೀಗಾಗಿ ಮುದುಕಿ ಪ್ರತಿ ವರ್ಷ ಎಡೆ ಹೊತ್ತು ಬರುತ್ತಿದ್ದಳು, ಅದನ್ನೇ ಹೊತ್ತು ತಿರುಗಿ ಹೋಗುತ್ತಿದ್ದಳು. ಆ ದಿನ ಮನೆಯಲ್ಲಿ ಅವಳು ಉಣ್ಣುತ್ತಿರಲಿಲ್ಲ.

ಕೆಲಸಕ್ಕೆ ಕರೆದಾಗ ಅವಳು ಒಲ್ಲೆ ಎಂದಳು.

"ಆ ಲಾಂಚು ನನ್ನ ಗಂಡನ ಎದಿ ಮ್ಯಾಲ ಓಡೂದೈತಿ. ಅದಕ್ಕ ಬಣ್ಣಾ ಬರಸಾಕ ನಾನ ಬರಬೇಕಾ? ಸುಡು ಅದನ್ನ."

ಅವಳು ಬರದಿದ್ದರೆ ಕೇರಿಯ ಹೆಂಗಸರು ಒಬ್ಬರೂ ಬರುವುದಿಲ್ಲವೆಂದು ರಾಯರಿಗೆ ಗೊತ್ತಿತ್ತು. ಕೇರಿಯ ತನಕ ಬಂದರು. ಒಳಗೆ ಬರಲಿಲ್ಲ, ಬೇಲಿಯ ಆಚೆ ನಿಂತೇ ಅಂಗಿಯೊಳಗೆ ಕೈ ಹಾಕಿ ಜನಿವಾರ ಹೊರಗೆಳೆದರು.

"ಕೇಳಿಲ್ಲೆ ಮರೆವ್ವಾ. ಮಂತ್ರಿಗಳು ಬರೂದು ಅಮಾಸಿ ದಿವ್ಸ ಮೂರು ಗಂಟೆಕ್ಕ. ಮುಂಜಾನೆ ಟ್ರಾಯಲ್ ಅದ. ಅವಾಗ ನಿನ್ನ ಕರಕೊಂಡು ಹೋಗ್ತೇನಿ. ಹುಣಸಿಮರದ ಹತ್ರ ಎಂಜಿನ್ ಬಂದ್ ಮಾಡಸ್ತೇನಿ. ಸಾವಕಾಶ ನಿನ್ನ ಗಂಡಗ ಎಡಿ ಕೊಡು. ಈ ಜನಿವಾರದ ಆಣಿ."

ಮರೆವ್ವ ಆ ದಾರವನ್ನೇ ಬಹಳ ಹೊತ್ತು ನೋಡಿದಳು. ಮರುದಿನ ಎಲ್ಲರಿಗಿಂತ ಮೊದಲು ದಂಡೆಯಲ್ಲಿದ್ದಳು.

ತಿಕ್ಕಿದೆವು. ಕಾಗದದ ಕೆಳಗಿನಿಂದ ಸತ್ತ ಬಣ್ಣ ನೀಲಿ ಹಾಲಿನಂತೆ ಇಳಿದು ಮೊಣಕೈ ತನಕ ಹರಿಯುತ್ತಿತ್ತು. ಬೆರಳ ತುದಿಯ ತೊಗಲು ಸವೆಯಿತು. ಊಟದ ಹೊತ್ತಿಗೆ ರೊಟ್ಟಿಗೆ ಖಾರ ಹಚ್ಚಿಕೊಂಡರೆ ನಾಲಿಗೆಗಿಂತ ಮೊದಲು ಬೆರಳು ಉರಿಯುತ್ತಿದ್ದವು. ಒಂದು ಮಧ್ಯಾಹ್ನ ನನ್ನ ಜೊತೆಯ ಶಂಕರೆಪ್ಪ ಬೇವಿನ ಮರದ ಕೆಳಗಿನ ಕೊಡದ ಕಡೆ ಎರಡು ಹೆಜ್ಜೆ ಇಟ್ಟ. ವಾಚಮನ್ ಬಡಿಗೆ ಎತ್ತಿದ.

"ಎಲ್ಲಿ ಬರತೀಯಲೇ ಹಲ್ಕಟ್? ಸಾಹೇಬ್ರ ನೀರು ಅದು!"

"ನೀರಡಿಕಿ ಆಗೇತ್ರಿ ಯಪ್ಪಾ."

ರಾಯರು ನೆರಳಿನಿಂದಲೇ ನಕ್ಕರು. "ಇಷ್ಟ ದೊಡ್ಡ ಸಮುದ್ರ ಕಟ್ಟಿಸಿ ಇಟ್ಟೇವಲ್ಲೋ ನಿಮ್ಮ ಸಂಬಂಧ. ಹೋಗಿ ಬಾಯಿ ಹಚ್ಚು."

ಶಂಕರೆಪ್ಪ ಬಗ್ಗಿ ನಮ್ಮೂರಿನ ಮೇಲೆ ನಿಂತ ನೀರನ್ನೇ ಬೊಗಸೆಯಲ್ಲಿ ಕುಡಿದ. ನಾವು ತಿಕ್ಕಿದ ಬಣ್ಣವೂ ಅದರಲ್ಲಿತ್ತು. "ಅವರವ್ವನ, ನಾಳೆ ನೀಲಿ ಉಚ್ಚಿ ಹೊಯ್ತೇನಿ ನೋಡು" ಎಂದ. ಹೆಂಗಸರೆಲ್ಲ ಸೆರಗು ಬಾಯಿಗೆ ತುರುಕಿಕೊಂಡು ನಕ್ಕರು. ಮರೆವ್ವ ಮಾತ್ರ ನಗಲಿಲ್ಲ, ತಿಕ್ಕುತ್ತಲೇ ಇದ್ದಳು. ಬೇರೆಯವರು ಬೀಡಿ ಸೇದಲು ಕುಳಿತಾಗಲೂ ಅವಳ ಕೈ ನಿಲ್ಲುತ್ತಿರಲಿಲ್ಲ. ಅಮಾವಾಸ್ಯೆಗೆ ಲಾಂಚು ನೀರಿಗಿಳಿಯಬೇಕು, ಅದೊಂದೇ ಅವಳ ತಲೆಯಲ್ಲಿ.

ಮುಲಾಮು ಹಚ್ಚಿ ಅರಿವೆಯಿಂದ ಉಜ್ಜಿದಾಗ ಒಳಗಿನ ನೀಲಿ ನಿಧಾನಕ್ಕೆ ಮೇಲೆ ಬಂತು. ನಮಗೇ ನಂಬಿಕೆಯಾಗಲಿಲ್ಲ. ಮೂರು ಇಟ್ಟಂಗಿ ಜೋಡಿಸಿ ಒಲೆ ಹೂಡಿ, ಮೇಣ ಬೆಚ್ಚಗೆ ಮಾಡಿ ಬಳಿದು, ಒಣ ಅರಿವೆಯಿಂದ ಒರೆಸಿದೆವು. ಆಣೆಕಟ್ಟಿನ ಗೋಡೆ, ಮೋಡ, ಎಲ್ಲಮ್ಮನ ಗುಡ್ಡದ ಸಾಲು ಎಲ್ಲವೂ ಲಾಂಚಿನ ಮೈಯಲ್ಲಿ ಕಂಡವು. ತ್ರ್ಯಂಬಕರಾಯರು ಬಂದು ತಮ್ಮ ಮುಖ ನೋಡಿಕೊಂಡರು. ಬೆರಳಿಗೆ ಉಗುಳು ಹಚ್ಚಿ ಹುಬ್ಬು ತೀಡಿಕೊಂಡು, ಹಣೆಯ ಗಂಧ ಸರಿಮಾಡಿಕೊಂಡರು. ನಮ್ಮ ಬೆರಳ ತೊಗಲು ಹೋದದ್ದು ಈ ಮುಸುಡಿ ಕಾಣಲಿಕ್ಕೆ ಎಂದುಕೊಂಡು ನಾನು ಅತ್ತ ತಿರುಗಿ ಉಗುಳಿದೆ.

ಅಮಾವಾಸ್ಯೆಯ ಮುಂಜಾನೆ ಮರೆವ್ವ ಬಂದಳು. ತಲೆಗೆ ಮಿಂದಿದ್ದಳು. ಬುಟ್ಟಿಯಲ್ಲಿ ಕಡಬು, ರೊಟ್ಟಿ, ಪುಂಡಿಪಲ್ಯ, ಅನ್ನ. ದೊಡ್ಡಪ್ಪನಿಗೆಂದು ಒಂದು ಬೀಡಿಕಟ್ಟು, ಹೊಸ ಟವೆಲ್ಲು. ಮೇಲೆ ಬಿಳಿ ಅರಿವೆ ಮುಚ್ಚಿದ್ದಳು.

ಲಾಂಚು ಮೆಟ್ಟಿಲಿಗೆ ಕಟ್ಟಿಕೊಂಡು ನೀರಿನಲ್ಲಿ ತೂಗುತ್ತಿತ್ತು. ಅದರೊಳಗೆ ರಾಯರ ಪುರೋಹಿತ ದಿಗಂಬರ ಭಟ್ಟರು ತಂಬಿಗೆ ಹಿಡಿದು ನಿಂತಿದ್ದರು. ತಂಬಿಗೆಯಲ್ಲಿ ಗಂಜಳ. ಮಾವಿನೆಲೆ ಅದ್ದಿ ಅದ್ದಿ ನಾವು ತಿಕ್ಕಿದ ಮೈಗೆಲ್ಲ ಚಿಮುಕಿಸುತ್ತಿದ್ದರು. ಮೇಣ ಕುಡಿದ ಮೈಮೇಲೆ ಗಂಜಳ ನಿಲ್ಲಲಿಲ್ಲ, ಹನಿಹನಿಯಾಗಿ ಜಾರಿ ಹೋಯಿತು. ಮರೆವ್ವ ಮೆಟ್ಟಿಲಿಳಿದಳು.

"ಏ ಏ ಏ! ಹಿಂದಕ್ಕ, ಹಿಂದಕ್ಕ! ಈಗರ ಶುದ್ಧ ಮಾಡೇನಿ, ಮತ್ತ ಮುಟ್ಟಸ್ತೀ ಏನು ರಂಡಿ?"

ಅವಳು ಭಟ್ಟರ ಕಡೆ ನೋಡಲೇ ಇಲ್ಲ. "ಸಾಹೇಬ್ರ, ಬಂದೇನ್ರಿ" ಎಂದಳು.

ತ್ರ್ಯಂಬಕರಾಯರು ಮಡಿಯುಟ್ಟು ಆಗಲೇ ಒಳಗೆ ಕುಳಿತಿದ್ದರು. ಎದುರಿಗೆ ದರ್ಭೆ, ಎಳ್ಳು, ತಾಮ್ರದ ತಟ್ಟೆ. "ಈಗ ಶಾಸ್ತ್ರ ಆಗಿಹೋಗೇದ ಮರೆವ್ವಾ. ನನ್ನ ಕೈಯಾಗ ಏನದ? ಇಲ್ಲೇ ದಂಡಿಗೆ ಬಿಟ್ಟುಬಿಡು. ನೀರು ಎಲ್ಲಾ ಒಂದ."

"ನೀರೆಲ್ಲಾ ಒಂದ ಆದ್ರ ನಿಮ್ಮಪ್ಪಗ ನೀವೂ ಇಲ್ಲೇ ಬಿಡ್ರಲ್ಲ."

"ಬಾಯಿ ಭಾಳ ಆತು ನಿಂದು! ಕಾಸೀಮ, ಎಂಜಿನ್ ಚಾಲೂ ಮಾಡು."

ಕಾಸೀಮ ಲಾಂಚಿನ ಡ್ರೈವರು, ಕಾರವಾರದ ಕಡೆಯ ಹುಡುಗ. ತಲೆ ತಗ್ಗಿಸಿಕೊಂಡೇ ಚಾವಿ ತಿರುವಿದ. ಲಾಂಚು ಹೋಯಿತು. ಅದು ಎಬ್ಬಿಸಿದ ತೆರೆ ಬಂದು ಮರೆವ್ವನ ಪಾದ ತೋಯಿಸಿತು. ಅವಳು ಬುಟ್ಟಿ ಇಳಿಸದೆ ನಿಂತೇ ಇದ್ದಳು. ನಡುನೀರಿನಲ್ಲಿ ಸದ್ದು ನಿಂತಿತು, ಹುಣಸೆಮರದ ಹತ್ತಿರವೇ.

ಅವರು ತಿರುಗಿ ಬಂದಾಗ ಮಧ್ಯಾಹ್ನವಾಗಿತ್ತು. ಕಾಸೀಮ ಹಗ್ಗ ಕಟ್ಟುತ್ತ ಮೆಲ್ಲಗೆ ನನಗೆ ಹೇಳಿದ. "ಲಾಂಚು ಅಳ್ಳಾಡಬಾರ್ದು, ಮರಕ್ಕ ಕಟ್ಟು ಅಂದ್ರು. ಕಟ್ಟಿದೆ. ಜನಿವಾರ ಬಲಗಡಿ ಹೆಗಲಿಗೆ ಹಾಕ್ಕೊಂಡು ಅಲ್ಲೇ ಎಳ್ಳುನೀರು ಬಿಟ್ರು. ಅವರಪ್ಪಗ, ಅಜ್ಜಗ, ಎಲ್ಲಾರಿಗೂ."

ಆಣೆ ಮಾಡಿದ್ದೂ ಅದೇ ಜನಿವಾರ. ನಮ್ಮ ಗೋರಿಗೆ ಹಗ್ಗ ಕಟ್ಟಿ, ಅದರ ನೆತ್ತಿಯ ಮೇಲೆ ಕುಳಿತು, ತನ್ನ ಹಿರಿಯರಿಗೆ ನೀರು ಕುಡಿಸಿ ಬಂದಿದ್ದ. ಮರೆವ್ವನಿಗೆ ಹೇಳಬಾರದೆಂದುಕೊಂಡೆ. ಆದರೆ ಅವಳು ಪಕ್ಕದಲ್ಲೇ ಇದ್ದಳು, ಎಲ್ಲ ಕೇಳಿಸಿಕೊಂಡಿದ್ದಳು.

ಅಷ್ಟರಲ್ಲಿ ರಾಯರು ಬಾಯಿ ಬಡಿದುಕೊಂಡರು. ಮರದ ಒಣ ಟೊಂಗೆ ಉಜ್ಜಿ ಲಾಂಚಿನ ಪಕ್ಕೆಗೆ ಮಾರುದ್ದದ ಗೀರು ಬಿದ್ದಿತ್ತು.

"ಅಯ್ಯೋ ದೇವರ! ಮೂರು ಗಂಟೆಕ್ಕ ಮಂತ್ರಿಗಳು ಬರ್ತಾರ! ರಾಯಪ್ಪಾ, ಶಂಕರೆಪ್ಪಾ, ಮರೆವ್ವಾ, ಬರ್ರೋ ಲಗೂನ! ಮೇಣ ತರ್ರಿ, ತಿಕ್ರಿ!"

"ಶುದ್ಧ ಮಾಡೀರೆಲ್ರಿ. ನಾವು ಮುಟ್ಟಬಹುದೇನ್ರಿ?" ಎಂದೆ.

"ಮುಟ್ರೋ, ಭಟ್ರು ಮತ್ತ ಚಿಮುಕಸ್ತಾರ. ತಿಕ್ರಿ ಮೊದ್ಲ, ಬೋಸುಡಿ ಮಕ್ಕಳ್ರ್ಯಾ!"

ಮರೆವ್ವ ಬುಟ್ಟಿಯನ್ನು ಮೆಟ್ಟಿಲ ಮೇಲಿಟ್ಟು ಮೊಣಕಾಲುದ್ದ ನೀರಿಗಿಳಿದಳು. ಗೀರಿನ ಮೇಲೆ ಬೆರಳಾಡಿಸಿದಳು.

"ನೋಡೋ ರಾಯಪ್ಪಾ. ನಿಮ್ಮ ದೊಡ್ಡಪ್ಪ ಪರಚ್ಯಾನ" ಎಂದು ನನಗೆ ಹೇಳಿದಳು. ಇಷ್ಟು ದಿನದಲ್ಲಿ ಅವಳು ನಕ್ಕದ್ದು ಆಗಲೇ.

ಆಮೇಲೆ ದಂಡೆಗೆ ಹತ್ತಿ, ಮೇಣ ಕಾಯಿಸಿದ ಒಲೆಯಿಂದ ಒಂದು ಇಟ್ಟಂಗಿ ಕಿತ್ತು ತಂದಳು. ಗೀರಿನ ಪಕ್ಕದ ನೀಲಿಯ ಮೇಲೆ ಅದನ್ನಿಟ್ಟು ಎರಡೂ ಕೈಯಿಂದ ಒತ್ತಿ ಎಳೆದಳು. ಕರ್ ಎಂದು ಹಲ್ಲು ಜುಮ್ಮೆನ್ನುವ ಸದ್ದು. ನೀಲಿಯ ಮೇಲೆ ಬೂದಿಬಣ್ಣದ ಬರೆ ಎದ್ದಿತು.

"ಏ! ಏ! ಏನ್ ಮಾಡ್ಲಿಕ್ಕೆ ಹತ್ತೀ ಹುಚ್ಚ ಮುದುಕಿ?"

"ಶುದ್ಧ ಮಾಡಾಕ ಹತ್ತೇನ್ರಿ ಸಾಹೇಬ್ರ. ನಿಮ್ಮ ಭಟ್ಟರ ಗಂಜಳ ಜಾರಿ ಹೋಗಾಕ ಹತ್ತೈತಿ. ಹೊಲ್ಯಾರ ಕೈ ಹತ್ತಿದ್ದು ಹಂಗ ಹೋಗಂಗಿಲ್ಲ. ನಾವ ಹಚ್ಚೇವಿ, ನಾವ ತೆಗಿತೇವಿ."

ಶಂಕರೆಪ್ಪ ಎರಡನೆಯ ಇಟ್ಟಂಗಿ ತಂದ. ನಾನು ಮೂರನೆಯದು ತಂದೆ. ಕೇರಿಯ ಹೆಂಗಸರು ದಂಡೆಯ ಮರಳನ್ನು ಬೊಗಸೆ ಬೊಗಸೆ ಎತ್ತಿ ಉಜ್ಜತೊಡಗಿದರು. ಮೇಣ ಸುಲಿಯಿತು, ನೀಲಿ ಸುಲಿಯಿತು, ನಮ್ಮ ತೊಗಲು ತಿಂದ ಹೊಳಪೆಲ್ಲ ಪುಡಿಯಾಗಿ ನೀರಿಗೆ ಬಿತ್ತು. ಸುಳ್ಳು ಯಾಕೆ ಹೇಳಲಿ, ಅದನ್ನು ತರುವಾಗ ಆಗದ ಸಂತೋಷ ಕೆಡಿಸುವಾಗ ಆಯಿತು.

ಮೆಟ್ಟಿಲ ಮೇಲೆ ರಾಯರು ಕುಣಿದರು, ಭಟ್ಟರು ಕುಣಿದರು. "ಹಿಡಿರಿ! ಹಿಡಿರಿ ಆಕಿನ್ನ!" ಎಂದು ಒಬ್ಬರಿಗೊಬ್ಬರು ಹೇಳಿದರು. ಯಾರು ಹಿಡಿಯಬೇಕು? ಅಮಾವಾಸ್ಯೆಯ ದಿನ ಇಬ್ಬರೂ ಮಡಿಯಲ್ಲಿದ್ದರು. ವಾಚಮನ್ನನೂ ಮಿಂದು, ಮನೆಗೆ ಹೋಗಿ ತನ್ನ ಹಿರಿಯರಿಗೆ ಎಡೆ ಹಿಡಿಯುವವನಿದ್ದ. ಬಡಿಗೆ ಎತ್ತಿಕೊಂಡು ಕೊನೆಯ ಮೆಟ್ಟಿಲ ತನಕ ಬಂದ. ನಮ್ಮ ಕಾಲಿನ ನೀರು ಸಿಡಿದದ್ದೇ ತಡ, ಪಂಚೆ ಎತ್ತಿಕೊಂಡು ಹಿಂದಕ್ಕೆ ಹಾರಿದ. ನಮ್ಮನ್ನು ದೂರ ಇಡಲೆಂದು ಅವರೇ ಎಳೆದ ಗೆರೆ ಈಗ ಅವರ ಕಾಲಿಗೇ ತೊಡರಿಕೊಂಡಿತು.

ರಾಯರ ದನಿ ಇಳಿಯಿತು. "ಮರೆವ್ವಾ, ತಾಯಿ, ಬಿಡಬೇ. ನಾಳೆ ಕರಕೊಂಡು ಹೋಗ್ತೇನಿ. ನಿಶ್ಚಿತ ನಾಳೆ." ಕೈ ಮತ್ತೆ ಜನಿವಾರದ ಕಡೆ ಹೋಯಿತು.

"ನಾಳೆ ಅಮಾಸಿ ಇಲ್ರಿ" ಎಂದಳು ಮರೆವ್ವ. "ಆ ದಾರ ಒಳಗ ಇಟ್ಕೋರಿ. ಹರದೀತು."

ಇಟ್ಟಂಗಿಯನ್ನು ನೀರಿಗೆ ಬಿಟ್ಟು ಬುಟ್ಟಿ ಎತ್ತಿಕೊಂಡಳು. ಲಾಂಚಿನ ಅಂಚು ಹಿಡಿದು ಹತ್ತಿದಳು. ನಡುವೆ ಮಂತ್ರಿಗೆಂದು ಬಿಳಿ ಬಟ್ಟೆ ಹೊದಿಸಿದ ದೊಡ್ಡ ಕುರ್ಚಿಯಿತ್ತು. ಎಡೆಯ ಬುಟ್ಟಿಯನ್ನು ಅದರ ಮೇಲಿಟ್ಟು, ತಾನು ಕೆಳಗೆ ಹಲಗೆಯ ಮೇಲೆ ಕಾಲು ಚಾಚಿ ಕುಳಿತಳು. ಶಂಕರೆಪ್ಪ ಹತ್ತಿದ. ಹೆಂಗಸರು ಹತ್ತಿದರು. ಭಟ್ಟರ ಕೈಯಿಂದ ತಂಬಿಗೆ ಜಾರಿ ಮೆಟ್ಟಿಲ ಮೇಲೆ ಉರುಳಿತು, ಉಳಿದ ಗಂಜಳ ಅವರ ಮಡಿಗೇ ಹರಿಯಿತು.

ಆಣೆಕಟ್ಟಿನ ರಸ್ತೆಯ ಮೇಲೆ ಧೂಳೆದ್ದಿತು. ಮುಂದೆ ಪೊಲೀಸ್ ಜೀಪು, ಹಿಂದೆ ಬಿಳಿ ಕಾರುಗಳು.

"ಕಾಸೀಮ! ಚಾವಿ ತಾ ಇಲ್ಲೆ! ನೌಕರಿ ತೆಗಿಸ್ತೇನಿ ಮಗನ!" ರಾಯರು ಕಿರುಚಿದರು.

ಕಾಸೀಮ ಲಾಂಚಿನಲ್ಲೇ ನಿಂತಿದ್ದ. ಅಂಗೈಯಲ್ಲಿದ್ದ ಚಾವಿ ನೋಡಿದ, ಧೂಳು ನೋಡಿದ. ಕೊಡಲೂ ಇಲ್ಲ, ತಿರುವಲೂ ಇಲ್ಲ.

"ನಡಿ ನನ್ನಪ್ಪಾ" ಎಂದಳು ಮರೆವ್ವ. "ಭಾಳ ದೂರ ಬ್ಯಾಡ. ಹುಣಸಿಮರದ ತನಕ."

ಜೀಪಿನಿಂದ ಪೊಲೀಸರು ಇಳಿದರು. ಲಾಂಚಿನ ಹಗ್ಗ ಮೆಟ್ಟಿಲ ಕಬ್ಬಿಣದ ಬಳೆಗೆ ಕಟ್ಟಿತ್ತು, ಗಂಟು ನನ್ನ ಕೈಯಳತೆಯಲ್ಲೇ ಇತ್ತು. ತೋಯ್ದು ಬಿಗಿದಿತ್ತು. ತೊಗಲಿಲ್ಲದ ಬೆರಳುಗಳಿಂದ ಅದನ್ನು ಬಿಚ್ಚಿ ಹತ್ತಿದೆ.

ಲಾಂಚು ದಂಡೆ ಬಿಟ್ಟು ಒಂದು ಮಾರು ಸರಿಯಿತು. ಎಂಜಿನ್ ಇನ್ನೂ ಚಾಲೂ ಆಗಿರಲಿಲ್ಲ.