ಎರಡು ಚುಕ್ಕೆಯ ಚಮಚ

ಆವಿ ಹಿಂದುಗಡೆಯಿಂದ ಸೋರುತ್ತಿದೆ, ಕೆಳಗಿನ ಪಾತ್ರೆಗೂ ಮೇಲಿನ ತೂತಿನ ಪಾತ್ರೆಗೂ ನಡುವೆ ಸುತ್ತಿದ ಹಿಟ್ಟು ಮೆತ್ತಿದ ಬಟ್ಟೆ ಅಲ್ಲೊಂದು ಕಡೆ ಬಿಟ್ಟುಕೊಂಡಿದೆ, ಶಾಭಾ ಅತ್ತಿಗೆ ನೋಡಿಲ್ಲ, ಅಥವಾ ನೋಡಿಯೂ ನೋಡದ ಹಾಗಿದ್ದಾಳೆ, ನಾನು ಎದ್ದು ಬೆರಳಿಂದ ಒತ್ತಿದರೆ ಬಂದು ಎರಡು ದಿನ ಆಗಿಲ್ಲ ಆಗಲೇ ಯಜಮಾನಿಕೆ ಅಂದುಕೊಂಡಾಳು, ಒತ್ತದಿದ್ದರೆ ಮೇಲಿನ ಕುಸ್ಕುಸ್ ರವೆ ಅರೆಬೆಂದು ಯೆಮ್ಮಾ, ನನ್ನ ಅಮ್ಮ, ಎಲ್ಲರನ್ನೂ ಸೇರಿಸಿ ಬೈದಾಳು — ಕೂತೇ ಇರುತ್ತೇನೆ. ನೆನೆಸಿದ ಬಿಳಿಕಡಲೆಯ ಸಿಪ್ಪೆ ಸುಲಿಯುವ ಕೆಲಸ ಕೊಟ್ಟಿದ್ದಾರೆ, ನೆಂಟರ ಕೈಗೆ ಕೊಡುವಂಥದ್ದು, ಕೆಟ್ಟರೂ ಏನೂ ಕೆಡದಂಥದ್ದು. ಐವತ್ತೆರಡನೇ ವಯಸ್ಸಿನಲ್ಲಿ, ಹುಟ್ಟಿದ ಮನೆಯಲ್ಲಿ, ಗೋಡೆಗೆ ಒರಗಿಕೊಂಡು ಕಡಲೆ ಸುಲಿಯುತ್ತಿದ್ದೇನೆ, ನೂರಾ ಹತ್ತು, ನೂರಾ ಹನ್ನೊಂದು, ಲೆಕ್ಕದ ಮೇಷ್ಟ್ರಮ್ಮನ ಚಾಳಿ, ಶಾಲೆಗೆ ಚಳಿಗಾಲದ ರಜೆ ಬಂದರೂ ನನ್ನ ತಲೆಗೆ ರಜೆಯಿಲ್ಲ. ಕಿಟಕಿಯಾಚೆ ಜುರ್ಜುರಾ ಬೆಟ್ಟ ಸೊಂಟದವರೆಗೆ ಬೆಳ್ಳಗಿದೆ, ಕಾಲು ಸೇದುತ್ತದೆ, ಬೆಜಾಯಾದ ಸಮುದ್ರದ ಗಾಳಿಗೆ ಒಗ್ಗಿಹೋದ ಮೈ ಇದು, ಲೂನಾಸ್ ಈಗ ನಿನ್ನೆಯ ಸಾರು ಬಿಸಿಮಾಡಿಕೊಳ್ಳುತ್ತಿರುತ್ತಾನೆ, ಹೋಗು ಮಾರಾಯ್ತಿ, ಇನ್ನೆಷ್ಟು ವರ್ಷ ಹಟ ಹಿಡೀತೀಯ ಅಂತ ಬಸ್ ಹತ್ತಿಸಿದವನು ಅವನೇ, ಗಂಡಂದಿರಿಗೆ ಹೆಂಡತಿಯ ತವರಿನ ಜಗಳ ಬೇಗ ಬೇಸರ ಬರುತ್ತದೆ.

ಹನ್ನೊಂದು ವರ್ಷ. ಅಣ್ಣನ ಮಗ ಯೂಬಾ ಫೋನು ಮಾಡದಿದ್ದರೆ ಹನ್ನೆರಡಾಗುತ್ತಿತ್ತು, ಅತ್ತೇ, ಈ ಯೆನ್ನಾಯರ್ ಹೊಸವರ್ಷದ ಹಬ್ಬಕ್ಕೆ ನನ್ನ ಮಗೂಗೆ ಮೊದಲನೇ ಕೂದಲು ತೆಗೆಸ್ತೀವಿ, ನೀವು ಬರ್ಲೇಬೇಕು, ಅಜ್ಜಿ ನನ್ನನ್ನ ಕರಿ ಅಂದ್ರಾ ಎಂದು ಕೇಳಿದೆ, ಬೇಡಾಂತೂ ಅಂದಿಲ್ಲ ಅತ್ತೆ ಅಂದ, ಪ್ರಾಮಾಣಿಕ ಹುಡುಗ. ಹಾಗೆ ಬಂದೆ. ಬೇಡ ಅಂದಿಲ್ಲ ಎಂಬುದೊಂದನ್ನೇ ಚೀಲದಲ್ಲಿಟ್ಟುಕೊಂಡು. ಬಾಗಿಲಲ್ಲಿ ಯೆಮ್ಮಾ ನನ್ನ ಎರಡೂ ಕೆನ್ನೆ ಹಿಡಿದು ನೋಡಿ, ಸಣ್ಣಗಾಗಿದೀಯ, ಒಳಗೆ ಬಾ ಥಂಡಿ ಬರುತ್ತೆ, ಬಾಗಿಲು ಹಾಕು ಅಂದಳು, ನಿನ್ನೆ ಸಂತೆಗೆ ಹೋಗಿ ಬಂದವಳಿಗೆ ಹೇಳುವ ಹಾಗೆ, ಅಷ್ಟೇ, ಅದಕ್ಕಿಂತ ಒಂದು ಮಾತು ಹೆಚ್ಚಿಲ್ಲ, ಇವತ್ತಿಗೂ ಇಲ್ಲ. ಮೆಜ್ಯಾನಣ್ಣ ಪ್ರಯಾಣ ಆರಾಮಾಗಿತ್ತಾ ಎಂದು ಕೇಳಿ ಹುಂಜದ ಕಾಲು ಕಟ್ಟಲು ಹೋದ. ಅಪ್ಪ ಸತ್ತ ನಲವತ್ತನೇ ದಿನ ಇದೇ ಮೆಜ್ಯಾನಣ್ಣ ಕಾಫಿ ಬಟ್ಟಲಿನ ಪಕ್ಕ ಆಸ್ತಿಯ ಪಾಲು ಬಿಟ್ಟುಕೊಡುವ ಕಾಗದ ಇಟ್ಟಿದ್ದ, ಇಲ್ಲೊಂದು ಸಹಿ ಹಾಕ್ಬಿಡು ಜೂಹರ್, ಊರಲ್ಲಿ ಹೆಣ್ಮಕ್ಕಳೆಲ್ಲ ಹಾಕೋದೇ, ಸುಮ್ನೆ ಕಾಗದದ ಮಾತು. ಹಾಕಲ್ಲ ಎಂದೆ. ಹೊಳೆದಂಡೆಯ ಹನ್ನೆರಡು ಆಲಿವ್ ಮರ ನನಗಿರಲಿ ಎಂದೆ. ಎಣ್ಣೆಯ ಆಸೆಗಲ್ಲ, ಏಳು ವರ್ಷದವಳಿದ್ದಾಗಿನಿಂದ ಪ್ರತಿ ಚಳಿಗಾಲ ಆ ಮರಗಳ ಬುಡದಲ್ಲಿ ಬೆರಳು ಮರಗಟ್ಟುವ ತನಕ ಕಾಯಿ ಆರಿಸಿದವಳು ನಾನು, ಅಲ್ಲಿ ನನ್ನದೂ ಅನ್ನುವುದೇನಾದರೂ ಇರಬೇಕಲ್ಲ. ಅಪ್ಪನ ಮಣ್ಣು ಇನ್ನೂ ಆರಿಲ್ಲ, ನೀನು ಮರ ಎಣಿಸ್ತಿದೀಯಲ್ಲೇ ಅಂದ ಅಣ್ಣ. ನಾನು ಯೆಮ್ಮಾನ ಮುಖ ನೋಡಿದೆ. ಯೆಮ್ಮಾ ಮೊರದಲ್ಲಿ ಮಸೂರು ಬೇಳೆ ಆರಿಸುತ್ತಿದ್ದಳು, ತಲೆ ಎತ್ತಲಿಲ್ಲ, ಕಲ್ಲು ಸಿಕ್ಕಿದರೆ ಪಕ್ಕಕ್ಕಿಡುತ್ತಿದ್ದಳು, ಟಕ್, ಇನ್ನೊಂದು, ಟಕ್. ಅಣ್ಣನ ಮಾತನ್ನು ನಾನು ಎಂದೋ ಮರೆತೆ, ಆ ಟಕ್ ಮರೆತಿಲ್ಲ. ಮಾರನೆಯ ದಿನದ ವ್ಯಾನಿಗೆ ಹೊರಟುಬಿಟ್ಟೆ.

ಜೂಹರ್, ಏ ಜೂಹರ್, ಎಲ್ಲಿದೀಯ, ಅಂದಳು ಅತ್ತಿಗೆ, ಮೊಣಕೈವರೆಗೆ ಕರಿಯುವ ಹಿಟ್ಟು, ನಿಮ್ಮಮ್ಮ ಪಕ್ಕದ ಮನೆಗೆ ತಟ್ಟೆ ಕೊಡೋಕೆ ಹೋಗಿದಾರೆ, ಚಮಚದ ಗಂಟು ಆಗ್ಲೇ ತೆಗೆದಿಡ್ಬೇಕಿತ್ತು, ಒಳಕೋಣೆ ಪೆಟ್ಟಿಗೇಲಿದೆ, ಕೀಲಿ ನನ್ನ ಸೊಂಟದಲ್ಲಿದೆ ನೋಡು, ನೀನೇ ಬಿಚ್ಕೋ, ಕಚಗುಳಿ ಇಡಬೇಡ. ಹತ್ತಿರ ಹೋದರೆ ಎಣ್ಣೆಯ ವಾಸನೆ, ಅವಳ ಸೊಂಟ ದಪ್ಪವಾಗಿದೆ, ನನ್ನದೂ, ಹುಡುಗಿಯರಾಗಿದ್ದಾಗ ಇಬ್ಬರೂ ಒಂದೇ ಹಾಸಿಗೆಯಲ್ಲಿ ನಕ್ಕು ನಕ್ಕು ಬೈಸಿಕೊಂಡಿದ್ದೆವು. ಹೋಗುತ್ತ ಸೋರುವ ಕಡೆ ಬಟ್ಟೆಯನ್ನು ಹೆಬ್ಬೆರಳಿಂದ ಒತ್ತಿದೆ. ಅತ್ತಿಗೆ ನೋಡಿದಳು, ಮತ್ತೆ ಹಿಟ್ಟಿಗೆ ಕೈ ಹಾಕಿದಳು.

ಪೆಟ್ಟಿಗೆಯ ಮುಚ್ಚಳ ಅದೇ ಹಳೆಯ ದನಿಯಲ್ಲಿ ಕಿರ್ರೆಂದಿತು, ಲವಂಗ, ಒಣ ಅಂಜೂರ, ಹಳೆಯ ಉಣ್ಣೆ, ಅಜ್ಜಿಯ ಕೆಂಪು ಹಳದಿ ಪಟ್ಟೆಯ ಸೊಂಟದ ವಸ್ತ್ರ, ಅದರ ಕೆಳಗೆ ಅವಳ ಬೆಳ್ಳಿ ಪಿನ್ನು, ಹವಳ ಉದುರಿ ಕುಳಿ ಮಾತ್ರ ಉಳಿದಿದೆ, ಆ ಕುಳಿಗೆ ನಾನು ನಾಲಿಗೆ ಹಾಕಿ ನೋಡುತ್ತಿದ್ದೆ, ತಣ್ಣಗಿರುತ್ತಿತ್ತು, ಈಗಲೂ ಹಾಕಿ ನೋಡಿದೆ, ಯಾರೂ ಇಲ್ಲವಲ್ಲ, ತಣ್ಣಗಿದೆ. ಕಾಗದದಲ್ಲಿ ಮಡಿಸಿದ ಎರಡು ಪೊಟ್ಟಣ, ಮೆಜ್ಯಾನಣ್ಣನ ಮೊದಲ ಕೂದಲು, ಮಾರ್ಸೇಯಲ್ಲಿರುವ ತಮ್ಮ ಬೆಲಾಯಿದನ ಮೊದಲ ಕೂದಲು, ನನ್ನದಿಲ್ಲ, ಯೆನ್ನಾಯರ್‌ಗೆ ಕೂದಲು ತೆಗೆದು ಎತ್ತಿಡುವುದು ಗಂಡುಮಕ್ಕಳದ್ದು, ಹೆಣ್ಣಿನ ಕೂದಲು ಹೇಗೂ ಬೆಳೆಯುತ್ತದೆ ಬಿಡು. ರಬ್ಬರ್ ಹಾಕಿದ ಪತ್ರಗಳ ಕಟ್ಟು, ಅಪ್ಪ ಫ್ರಾನ್ಸಿನ ಕಾರ್ಖಾನೆಯಿಂದ ಬರೆದವು, ಅಲ್ಲಿ ಓದು ಬಲ್ಲ ಗೆಳೆಯನೊಬ್ಬನ ಕೈಯಲ್ಲಿ ಬರೆಸಿದವು, ಇಲ್ಲಿ ಓದು ಬಲ್ಲವಳು ನಾನೊಬ್ಬಳೇ, ಅಣ್ಣ ಶಾಲೆಯ ಕಡೆ ತಲೆ ಹಾಕಿದವನಲ್ಲ, ನನಗಾಗ ಎಂಟು ವರ್ಷ. ಯೆಮ್ಮಾ ಒಲೆಯ ಬಳಿ ಕೂತು ಓದು ಅನ್ನುತ್ತಿದ್ದಳು. ನಾನು ಕ್ಷೇಮವಾಗಿದ್ದೇನೆ, ನೀವೂ ಕ್ಷೇಮವೆಂದು ನಂಬಿದ್ದೇನೆ, ಮೇಕೆ ಮಾರಬೇಡಿ, ಮಾಡಿನ ಹೆಂಚು ಹಾಕಿಸಿ — ಇಷ್ಟೇ ಇರುತ್ತಿತ್ತು, ಯೆಮ್ಮಾನ ಮುಖ ನೋಡಿ ಸಾಲದು ಅನ್ನಿಸುತ್ತಿತ್ತು, ನಾನೇ ಸೇರಿಸುತ್ತಿದ್ದೆ, ಮಂಜು ಬಿದ್ದಾಗ ನಿನ್ನ ನೆನಪಾಗುತ್ತದೆ, ನಿನ್ನ ಕೈ ರೊಟ್ಟಿ ಇಲ್ಲಿ ಸಿಗುವುದಿಲ್ಲ. ಆ ರೊಟ್ಟಿ ಸಾಲು ಇನ್ನೊಂದ್ಸಲ ಓದು ಎನ್ನುತ್ತಿದ್ದಳು. ಎಲ್ಲಿ ಸೇರಿಸಿದ್ದೆನೆಂದು ನನಗೇ ಮರೆತಿರುತ್ತಿತ್ತು, ಸುಮ್ಮನೆ ಹೆಂಚಿನ ಸಾಲಿನ ಮೇಲೆ ಬೆರಳಿಟ್ಟು ಮತ್ತೆ ಓದುತ್ತಿದ್ದೆ. ಒಂದು ಪತ್ರ ಬಿಚ್ಚಿ ನೋಡಿದೆ, ಮೇಕೆ, ಹೆಂಚು, ಕ್ಷೇಮ. ರೊಟ್ಟಿ ಇಲ್ಲ. ಯೆಮ್ಮಾಗೆ ಗೊತ್ತಿತ್ತೋ ಏನೋ, ನಾನು ಯಾವತ್ತೂ ಕೇಳಲಿಲ್ಲ, ನಮ್ಮ ಮನೆಯಲ್ಲಿ ಕೇಳುವ ಪದ್ಧತಿಯಿಲ್ಲ.

ಚಮಚದ ಗಂಟು ತಳದಲ್ಲಿತ್ತು. ಅಪ್ಪ ಕೆತ್ತಿದವು, ಆಲಿವ್ ಮರದವು, ಕಾದ ಮೊಳೆಯಿಂದ ಹಿಡಿಯ ಮೇಲೆ ಸುಟ್ಟ ಗುರುತು, ಹಿರಿಯವನಿಗೆ ಒಂದು ಚುಕ್ಕೆ, ನನಗೆ ಎರಡು, ಬೆಲಾಯಿದನಿಗೆ ಮೂರು. ಯೆನ್ನಾಯರ್ ಊಟಕ್ಕೆ ಎಲ್ಲರೂ ಒಂದೇ ದೊಡ್ಡ ಮರದ ಹರಿವಾಣದ ಸುತ್ತ ಕೂರಬೇಕು, ದೂರ ಇರುವವರ ಚಮಚವನ್ನು ಅವರ ಪಾಲಿನ ಕಡೆ ಕುಸ್ಕುಸ್ಸಿನಲ್ಲಿ ನೆಟ್ಟಗೆ ಸಿಕ್ಕಿಸಬೇಕು, ಎಲ್ಲೇ ಇರಲಿ ಇವಳ ಕೈ ಈ ಹರಿವಾಣಕ್ಕೆ ಎಟುಕ್ತಾ ಇರಲಿ ಅನ್ನುತ್ತಿದ್ದ ಅಪ್ಪ, ನಾನು ಮದುವೆಯಾಗಿ ಹೋದ ಮೊದಲ ವರ್ಷ ತಾನೇ ಕೈಯಾರೆ ಸಿಕ್ಕಿಸಿದ್ದನಂತೆ. ಸತ್ತವರದ್ದು ಮಾತ್ರ ನಿಲ್ಲಬಾರದು. ಏಳನೇ ದಿನ ಯೆಮ್ಮಾ ಸತ್ತವರ ಚಮಚವನ್ನು ಒಲೆಗೆ ಹಾಕುತ್ತಾಳೆ, ಅಜ್ಜಿಯದು ಹಾಕಿದ್ದು ನೋಡಿದ್ದೇನೆ, ಅಪ್ಪನದು ಹಾಕಿದ್ದೂ ನೋಡಿದ್ದೇನೆ, ಎಣ್ಣೆ ಕುಡಿದ ಮರ ಸೊರ್ ಎಂದು ಉರಿಯಿತು. ಗಂಟು ಬಿಚ್ಚಿದೆ. ಒಂದು ಚುಕ್ಕೆ. ಮೂರು ಚುಕ್ಕೆ. ಬೆಲಾಯಿದನ ಮಕ್ಕಳಿಗೆ ಯಾರೋ ಕೆತ್ತಿಕೊಟ್ಟ ಎರಡು ಸಣ್ಣವು. ಒಟ್ಟು ನಾಲ್ಕು. ಮತ್ತೆ ಎಣಿಸಿದೆ, ನಾಲ್ಕೇ. ವಸ್ತ್ರ ಕೊಡವಿದೆ, ಪತ್ರಗಳ ಕೆಳಗೆ, ಅಜ್ಜಿಯ ಬಟ್ಟೆಯ ಮಡಿಕೆಯಲ್ಲಿ, ಪೆಟ್ಟಿಗೆಯ ಮೂಲೆಗಳಲ್ಲಿ ಕೈ ಆಡಿಸಿದೆ, ಒಣ ಅಂಜೂರದ ತೊಟ್ಟು ಸಿಕ್ಕಿತು. ಎರಡು ಚುಕ್ಕೆಯದಿಲ್ಲ. ಹಾಗಾದರೆ ಹಾಕಿದಳು. ನಾನು ವ್ಯಾನು ಹತ್ತಿದ ಏಳನೇ ದಿನವೋ, ಮೊದಲನೇ ಯೆನ್ನಾಯರ್‌ಗೋ, ಒಲೆಯ ಬಾಯಿಗೆ ಹಾಕಿ ಕೈ ಒರೆಸಿಕೊಂಡಳು. ಬದುಕಿದ್ದೇನೆ, ಬೆಜಾಯಾದಲ್ಲಿ ನಲವತ್ತು ಮಕ್ಕಳಿಗೆ ಭಾಗಾಕಾರ ಕಲಿಸುತ್ತೇನೆ, ಸಂಜೆ ಮೀನು ತರುತ್ತೇನೆ, ಈ ಮನೆಯಲ್ಲಿ ಸತ್ತು ಹನ್ನೊಂದು ವರ್ಷವಾಗಿದೆ. ಸಿಟ್ಟು ಬರಬೇಕಿತ್ತು, ಬರಲಿಲ್ಲ, ದುಃಖವಾಯಿತು, ಚಿಕ್ಕ ಮಗುವಿಗಾಗುವಂಥ ದುಃಖ. ನಾಳೆ ಮಗುವಿನ ಕೂದಲು ತೆಗೆದ ಮೇಲೆ ಮಧ್ಯಾಹ್ನದ ವ್ಯಾನಿಗೆ ಹೊರಡುವುದು, ಇನ್ನು ಈ ಕಡೆ ಬರುವುದಿಲ್ಲ, ಹೀಗೆಂದುಕೊಂಡು ಗಂಟು ಮತ್ತೆ ಕಟ್ಟಿ ಅತ್ತಿಗೆಗೆ ಕೊಟ್ಟೆ.

ಕತ್ತಲಾಗುತ್ತಿದ್ದಂತೆ ಕೂತೆವು. ಹರಿವಾಣದ ತುಂಬ ಕುಸ್ಕುಸ್, ಹುಂಜದ ತುಂಡು, ಉಪ್ಪು ಹಚ್ಚಿ ಒಣಗಿಸಿದ ಮಾಂಸ, ನಾನು ಸುಲಿದ ಕಡಲೆ, ಕುಂಬಳಕಾಯಿ, ಎಲ್ಲರ ಕೈಯಲ್ಲೂ ಸ್ಟೀಲಿನ ಚಮಚ. ಹೊಟ್ಟೆ ತುಂಬ ತಿನ್ನಿ ಅತ್ತೆ, ಇಲ್ಲಾಂದ್ರೆ ರಾತ್ರಿ ಯೆನ್ನಾಯರ್ ಮುದುಕಿ ಬಂದು ನಿಮ್ಮ ಹೊಟ್ಟೆಗೆ ಒಣಹುಲ್ಲು ತುರುಕ್ತಾಳೆ ಅಂದ ಯೂಬಾ, ಮಗು ಅವನ ತೊಡೆಯ ಮೇಲೆ, ನಾಳೆ ಹೋಗಲಿರುವ ಗುಂಗುರು ಕೂದಲಿಗೆ ಸಾರು ಹತ್ತಿದೆ, ನಕ್ಕೆ, ನಗಬೇಕಲ್ಲ. ಅತ್ತಿಗೆ ಎದುರುಗಡೆ ಮೂರು ಚುಕ್ಕೆಯದನ್ನೂ ಎರಡು ಸಣ್ಣವನ್ನೂ ಸಿಕ್ಕಿಸಿದಳು, ಮಾರ್ಸೇಯಲ್ಲಿ ಬೆಲಾಯಿದನಿಗೆ ಬಿಕ್ಕಳಿಕೆ ಬರಲಿ ಅಂದಳು. ಸುತ್ತ ನೋಡಿದೆ, ನನ್ನ ಕಣ್ಣು ಆ ಮೂರು ಹಿಡಿಗಳ ಮೇಲೆಯೇ ಹೋಗಿ ಕೂರುತ್ತದೆ, ಎರಡು ಚುಕ್ಕೆ, ಎರಡು ಚುಕ್ಕೆ, ಅಪ್ಪ ಮೊಳೆ ಒತ್ತಿದಾಗ ಬಂದ ಹೊಗೆ, ಅಲ್ಲಾಡಬೇಡ್ವೇ, ಓರೆಯಾಗುತ್ತೆ, ಎರಡನೆಯದು ಸ್ವಲ್ಪ ಓರೆಯಾಗಿಯೇ ಬಿತ್ತು. ಯೆಮ್ಮಾ ಎಂದಿನಂತೆ ಕೊನೆಗೆ ಬಂದು ಕೂತಳು, ಎದೆಯ ಬಟ್ಟೆಯೊಳಗೆ ಕೈ ಹಾಕಿದಳು, ಸೊಂಟದ ಪಟ್ಟಿಯ ಮೇಲೆ ಅವಳ ಅರ್ಧ ಸಂಸಾರ ಅಲ್ಲೇ ಇರುತ್ತದೆ, ಕರ್ಚೀಫು, ನಶ್ಯದ ಡಬ್ಬಿ, ಮಾತ್ರೆ, ಅಲ್ಲಿಂದ ಒಂದು ಚಮಚ ತೆಗೆದಳು, ಮರದ್ದು, ಕಂದು ಹೋಗಿ ಕಪ್ಪಾದದ್ದು, ಬಿಸ್ಮಿಲ್ಲಾ ಎಂದು ಹರಿವಾಣಕ್ಕೆ ಇಳಿಸಿದಳು. ಹೆಬ್ಬೆರಳಿನ ಪಕ್ಕ ಒಂದು ಚುಕ್ಕೆ. ಹೆಬ್ಬೆರಳು ಸರಿದಾಗ ಇನ್ನೊಂದು, ಸ್ವಲ್ಪ ಓರೆ.

ಏನ್ ಹಂಗೆ ನೋಡ್ತಿದೀಯ, ಅಂದಳು ಅತ್ತಿಗೆ, ಅದು ಬಿಟ್ಟು ಬೇರೆ ಚಮಚ ನಿಮ್ಮಮ್ಮನ ಬಾಯಿಗೆ ಹೋಗಲ್ಲ, ಆಸ್ಪತ್ರೇಲಿ ಗಂಜಿ ಕೊಟ್ಟಾಗ್ಲೂ ಅದನ್ನೇ ತರಿಸ್ಕೊಂಡ್ರು. ಮೆಜ್ಯಾನಣ್ಣ ಮಾಂಸದ ತುಂಡನ್ನು ಮುರಿಯುತ್ತಲೇ ಇದ್ದ, ಮುರಿದಾಗಿತ್ತು, ಮತ್ತೂ ಮುರಿಯುತ್ತಿದ್ದ, ನನ್ನ ಕಡೆ ನೋಡದೆ ಅಂದ, ತಪ್ಪು ನಂದೇ ಜೂಹರ್, ನೀನು ಹೋದ ವರ್ಷ ನಿನ್ನ ಚಮಚ ಇಲ್ಲಿ ನಿಲ್ಲಿಸ್ಕೂಡ್ದು ಅಂದ್ಬಿಟ್ಟೆ, ಯೆಮ್ಮಾ ಸರಿಯಪ್ಪ ಅಂದ್ಲು, ಅದನ್ನೇ ತಗೊಂಡು ತಿನ್ನೋಕೆ ಶುರು ಮಾಡಿದ್ಲು, ಏನಮ್ಮ ಇದು ಅಂದ್ರೆ, ನಿಲ್ಲಿಸ್ಬೇಡ ಅಂದೆ, ತಿನ್ಬೇಡ ಅಂದ್ಯಾ ಅಂದ್ಲು. ಆ ಒಂದು ಹೊತ್ತಿಗೆ ಅಂತ ಇದ್ದೆ, ಬಿಡ್ಲೇ ಇಲ್ಲ. ಹನ್ನೊಂದು ವರ್ಷ, ದಿನಕ್ಕೆ ಮೂರು ಹೊತ್ತು, ಎಷ್ಟಾಯಿತು, ಹನ್ನೊಂದು ಇಂಟು ಮುನ್ನೂರ ಅರವತ್ತೈದು, ಲೆಕ್ಕ ಬರುತ್ತಿಲ್ಲ, ಮಕ್ಕಳಿಗೆ ಕಲಿಸುವ ಲೆಕ್ಕ ನನಗೆ ಬರುತ್ತಿಲ್ಲ. ಮಾತಾಡಿದ್ದು ಸಾಕು, ಆರಿಹೋಗುತ್ತೆ, ಅಂದಳು ಯೆಮ್ಮಾ, ಚಮಚವನ್ನು ಲಂಗದ ಅಂಚಿಗೆ ಒರೆಸಿದಳು, ಹರಿವಾಣದ ಮೇಲಿಂದ ಚಾಚಿದಳು, ತಗೋ, ಬಂದಿದೀಯಲ್ಲ, ನಿನ್ನ ಪಾಲು ಇನ್ಮೇಲೆ ನೀನೇ ತಿನ್ನು, ನಂಗೂ ವಯಸ್ಸಾಯ್ತು, ಇಬ್ಬರದು ತಿನ್ನೋಕಾಗಲ್ಲ. ತೆಗೆದುಕೊಂಡೆ, ಕುಸ್ಕುಸ್ ತುಂಬಿದೆ, ಬಾಯಿಗಿಟ್ಟೆ, ಕೂರುತ್ತಿಲ್ಲ, ತುಟಿಗೆ ಒಂದು ಕಡೆ ತಾಗುತ್ತದೆ, ಇನ್ನೊಂದು ಕಡೆ ಖಾಲಿ, ತೆಗೆದು ದೀಪಕ್ಕೆ ಹಿಡಿದೆ, ಎಡಗಡೆಯ ಅಂಚು ಸವೆದು ಸವೆದು ಇಳಿಜಾರಾಗಿದೆ, ಯೆಮ್ಮಾನ ಬಾಯಿಯ ಅಳತೆಗೆ, ಅವಳಿಗೆ ಹಲ್ಲಿಲ್ಲದ ಕಡೆಗೆ, ಅಷ್ಟು ಮರ ಎಲ್ಲಿ ಹೋಯಿತು, ಅವಳ ಹೊಟ್ಟೆಗೇ ಹೋಗಿರಬೇಕು, ಸವೆದ ಆ ಅಂಚು, ತೆಳ್ಳಗೆ, ಬೆಳಕು ಹಾಯುವಷ್ಟು ತೆಳ್ಳಗೆ, ಸವೆದ ಅಂಚು —