ಎಸ್ಮೆರಾಲ್ಡಾಳ ಮನೆಯ ಚಾವಿ

ನಾನು ಒಂದು ಕಬ್ಬಿಣದ ಚಾವಿ. ಲಿಸ್ಬನ್ ಪಟ್ಟಣದ ಗುಡ್ಡದ ಓಣಿಯಲ್ಲಿ ವಾಸ್ಕು ಎಂಬ ಕಮ್ಮಾರ ನನ್ನನ್ನು ಕಾಯಿಸಿ, ಬಡಿದು, ಅರದಿಂದ ಉಜ್ಜಿ ಹಲ್ಲು ಮೂಡಿಸಿದ. ನನ್ನ ಮೊದಲ ನೆನಪೇ ಹೆದರಿಕೆ. ಬೆಂಕಿಯಿಂದೆತ್ತಿ ತಣ್ಣೀರಿಗೆ ಅದ್ದಿದಾಗ ಚುಂಯ್ ಎಂದು ಕಿರುಚಿದ್ದೆ.

ನನ್ನನ್ನು ಕೊಂಡವಳು ಎಸ್ಮೆರಾಲ್ಡಾ, ಆಗಷ್ಟೇ ಮದುವೆಯಾದವಳು. ಗಂಡ ತೊಮಾಸ್ ಪ್ರತಿ ವಸಂತದಲ್ಲೂ ಮೀನು ಹಿಡಿಯಲು ಹಿಮಗಡಲಿಗೆ ಹೋದರೆ ಆರು ತಿಂಗಳು ಬರುತ್ತಿರಲಿಲ್ಲ. ಗಾಳಿ ಜೋರಾದ ದಿನ ಅವಳು ನನ್ನನ್ನು ಮುಷ್ಟಿಯಲ್ಲಿ ಬಿಗಿಹಿಡಿದೇ ಕೆಲಸ ಮಾಡುವಳು. ಆ ಬೆವರಿನಿಂದಲೇ ನನಗೆ ತುಕ್ಕು ಹಿಡಿಯಿತು. ಆದರೆ ತೊಮಾಸನನ್ನು ಕಡಲು ಒಯ್ಯಲಿಲ್ಲ. ಮುಪ್ಪಿನಲ್ಲಿ ಸ್ವಂತ ಮಂಚದ ಮೇಲೆ ಹೋದ. ಆಮೇಲೆ ಎಸ್ಮೆರಾಲ್ಡಾ ಕಿಟಕಿಯಲ್ಲಿ ಕೂತು ಆ ಹೆದರಿಕೆಯ ದಿನಗಳಿಗಾಗಿಯೇ ಹಂಬಲಿಸತೊಡಗಿದಳು. ಆಗ ಕಾಯಲು ಒಬ್ಬನಿದ್ದ.

ಎಂಬತ್ತಾರನೆಯ ವಯಸ್ಸಿಗೆ ಮೆಟ್ಟಿಲಿಳಿಯಲಾಗದೆ, ಬಂದವರಿಗೆ ಕಿಟಕಿಯಿಂದ ನನ್ನನ್ನು ಎಸೆಯುತ್ತಿದ್ದಳು. ಪ್ರತಿ ಸಲವೂ ಕಲ್ಲಿಗೆ ಬಡಿದು ಮುರಿಯುತ್ತೇನೆಂದು ನನ್ನ ಜೀವ ಬಾಯಿಗೆ ಬರುತ್ತಿತ್ತು.

ಒಂದು ಬೆಳಿಗ್ಗೆ ಅಡುಗೆಮನೆಯಲ್ಲಿ ಅವಳು ಜಾರಿಬಿದ್ದಳು. ಸೊಂಟ ಮುರಿಯಿತು. ಒಲೆಯ ಪಕ್ಕದ ಬಟ್ಟೆಗೆ ಬೆಂಕಿ ತಗುಲಿತು. ತೆವಳುತ್ತ ಕಿಟಕಿಗೆ ಬಂದು ನನ್ನನ್ನು ಹೊರಗೆಸೆದಳು. ಓಣಿಯವರೆಲ್ಲ ಚರ್ಚಿಗೆ ಹೋಗಿದ್ದರು. ನಾನು ಬಿದ್ದದ್ದು ಸೀರೆ ಉಟ್ಟ ಪರದೇಶದ ಹೆಂಗಸೊಬ್ಬಳ ಕಾಲ ಬಳಿ. ಅವಳಿಗೆ ಭಾಷೆ ಬಾರದಿದ್ದರೆ ನಮ್ಮ ಕಥೆ ಮುಗಿಯಿತೆಂದುಕೊಂಡೆ.

"ಶಾವ್! ಶಾವ್!" ಎಂದು ಮೇಲಿನಿಂದ ಕೂಗು ಬಂತು. ಅಲ್ಲಿನ ಭಾಷೆಯಲ್ಲಿ ನನ್ನ ಹೆಸರದು.

"ಅಯ್ಯ ಶಿವನ! ಚಾವಿ ಅನ್ನಾಕತ್ತಾಳೇನ?" ಎಂದು ಆಕೆ ನನ್ನನ್ನೆತ್ತಿ, ಹೊಗೆ ನೋಡಿ ಬಾಗಿಲಿಗೆ ಓಡಿದಳು. ಅವಸರದಲ್ಲಿ ನನ್ನನ್ನು ಬೀಗಕ್ಕೆ ತುರುಕಿದಳು. ನಾನು ಅರ್ಧಕ್ಕೇ ಸಿಕ್ಕಿಕೊಂಡೆ. ಅಂಥ ಭಯ ನಾನು ಹಿಂದೆಂದೂ ಪಟ್ಟಿರಲಿಲ್ಲ. "ತಿರುಗs, ನಮ್ಮಪ್ಪ, ತಿರುಗs!" ಎಂದು ಅವಳು ಹೆಗಲು ಕೊಟ್ಟು ನೂಕಿದಳು. ತಿರುಗಿದೆ.

ಆಕೆ ನೀಲಗಂಗಾ ಹಂಚಿನಮನಿ, ಹುಬ್ಬಳ್ಳಿಯ ನಿವೃತ್ತ ನರ್ಸ್, ಒಬ್ಬಳೇ ಊರು ನೋಡಲು ಬಂದವಳು. ಒದ್ದೆ ಚಾದರ ಎಸೆದು ಬೆಂಕಿ ಆರಿಸಿದಳು. ಆಂಬ್ಯುಲೆನ್ಸ್ ಬರುವವರೆಗೂ ಮುದುಕಿಯ ಕಾಲು ಅಲುಗದಂತೆ ಹಿಡಿದು ಕೂತಳು. ಉಳಿದ ದಿನಗಳಲ್ಲಿ ಅವಳು ಕೋಟೆಯನ್ನೂ ನೋಡಲಿಲ್ಲ, ಕಡಲನ್ನೂ ನೋಡಲಿಲ್ಲ. ಆಸ್ಪತ್ರೆಯಲ್ಲೇ ಕಳೆದಳು.

ಅಲ್ಲಿ ಎಸ್ಮೆರಾಲ್ಡಾಳ ತಮ್ಮನ ಮೊಮ್ಮಗಳು ಬಿಯಾಂಕಾ ಇಂಗ್ಲಿಷಿನ ಮೂಲಕ ಇಬ್ಬರ ನಡುವೆ ಮಾತು ದಾಟಿಸುತ್ತಿದ್ದಳು. "ಕಳೆದುಹೋದದ್ದು ಎದುರಿಗಿರುವುದಕ್ಕಿಂತ ಹತ್ತಿರ ಬಂದು ಕೂರುತ್ತದೆ. ನಮ್ಮಲ್ಲಿ ಅದಕ್ಕೆ ಸೌದಾದ್ ಎನ್ನುತ್ತಾರೆ. ಅಜ್ಜಿಗೆ ಇರುವುದು ಅದು" ಎಂದಳು.

ನೀಲಗಂಗಾ ಯೋಚಿಸಿ, "ನಮ್ಮ ಕಡೆ ಅದಕ್ಕ ಹೆಸರಿಲ್ಲವ್ವ. 'ಯಾಕೋ ಸುಮ್ಮನ ಕುಂತಾರ' ಅಂತೀವಿ" ಎಂದಳು.

ಎಸ್ಮೆರಾಲ್ಡಾ ಮನೆಗೆ ಮರಳಲಿಲ್ಲ. ವೃದ್ಧಾಶ್ರಮಕ್ಕೆ ಹೋಗುವ ದಿನ ನನ್ನನ್ನು ನೀಲಗಂಗಾಳ ಕೈಗಿಟ್ಟು ಬೆರಳು ಮಡಚಿದಳು. ವಿಮಾನದ ಹೊಟ್ಟೆಯಲ್ಲಿ ಕತ್ತಲಲ್ಲಿ ನಡುಗುತ್ತ ಬಂದೆ. ಈಗ ಹುಬ್ಬಳ್ಳಿಯಲ್ಲಿ ಕ್ಯಾಲೆಂಡರಿನ ಪಕ್ಕದ ಮೊಳೆಗೆ ಜೋತುಬಿದ್ದಿದ್ದೇನೆ. ನಾನು ತೆರೆಯುತ್ತಿದ್ದ ಮನೆಯನ್ನು ಕೆಡವಿ ಹೋಟೆಲ್ ಕಟ್ಟುತ್ತಿದ್ದಾರಂತೆ. ಅಜ್ಜಿಗೆ ಯಾರೂ ಹೇಳಿಲ್ಲ.

ಪ್ರತಿ ಭಾನುವಾರ ಬಿಯಾಂಕಾ ವೃದ್ಧಾಶ್ರಮದಿಂದ ವಿಡಿಯೋ ಕರೆ ಮಾಡುತ್ತಾಳೆ. ಅಜ್ಜಿಯದು ಒಂದೇ ಪ್ರಶ್ನೆ, ಮನೆಗೆ ಬೀಗ ಹಾಕಿದೆಯಾ ಎಂದು. ನೀಲಗಂಗಾ ನನ್ನನ್ನು ಎತ್ತಿ ತೋರಿಸುತ್ತಾಳೆ. "ಹಾಕೇನಿ ಎವ್ವಾ, ಗಟ್ಟಿ ಹಾಕೇನಿ."

ಈಚೆಗೆ ಅಜ್ಜಿಯ ಮರೆವು ಹೆಚ್ಚಿದೆ. ಫೋನು ರಿಂಗಾದಾಗಲೆಲ್ಲ ಮೊಳೆಯ ಮೇಲೆ ನನ್ನ ಮೈ ತಣ್ಣಗಾಗುತ್ತದೆ. ಆ ಪ್ರಶ್ನೆ ಕೇಳುತ್ತಾಳೋ, ಮರೆತು ಕೇಳದೆ ಹೋಗುತ್ತಾಳೋ. ಯಾವುದಕ್ಕೆ ಹೆಚ್ಚು ಹೆದರುತ್ತಿದ್ದೇನೆಂದು ನನಗಿನ್ನೂ ಗೊತ್ತಾಗಿಲ್ಲ.